ಹಳೆಯ ತೈಲಬಾವಿಗಳಿಗೆ ಸೂಕ್ಷ್ಮಾಣುಜೀವಿಗಳ ನೆರವು: ಲೆಕ್ಕಾಚಾರವೇನು?

ಡೀಸೆಲ್ ಬೆಲೆ ಏರಿದೊಡನೆ ಸಾಗಾಣಿಕೆ ವೆಚ್ಚವೂ ಏರುವುದು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಅನುಭವವೇದ್ಯ. ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿರುವುದರಿಂದ ಅದರ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ದೊರೆಯದು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಆಮದಾಗುತ್ತಿದೆ. ಆದ್ದರಿಂದ ನಮ್ಮ ಹಳೆಯ ಬಾವಿಗಳಲ್ಲಿ ಉಳಿದಿರುವ ತೈಲವನ್ನು ಹೊರತೆಗೆಯುವ ಒಂದು ವಿಧಾನವನ್ನು ಇಲ್ಲಿ ಪರಿಶೀಲಿಸಲಾಗಿದೆ.

ತೈಲವು ಭೂಗರ್ಭದಲ್ಲಿ ಕೆರೆಯಂತೆ ನಿಂತಿರುವುದಿಲ್ಲ; ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಮೊದಲು ಸಹಜ ಒತ್ತಡದಿಂದ, ಬಳಿಕ ನೀರನ್ನು ಒಳತಳ್ಳಿ ಅದನ್ನು ತೆಗೆಯಲಾಗುತ್ತದೆ. ಈ ಎರಡು ಹಂತಗಳ ನಂತರವೂ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲಿನಷ್ಟು ತೈಲ ಅಲ್ಲಿಯೇ ಉಳಿಯುತ್ತದೆ.

ಬ್ಯಾಕ್ಟೀರಿಯಾಗಳಿಂದ ಈ ತೈಲವನ್ನು ಬಿಡಿಸಬಹುದೆಂಬ ಸೂಚನೆ 1926ರಷ್ಟು ಹಿಂದಿನದು. ಅಮೆರಿಕದ ವಿಜ್ಞಾನಿ ಕ್ಲಾಡ್ ಜೋಬೆಲ್ 1940ರ ದಶಕದಲ್ಲಿ ಇದರ ಬಗ್ಗೆ ಪ್ರಯೋಗಗಳನ್ನು ನಡೆಸಿದರು. ಆಯ್ದ ಬ್ಯಾಕ್ಟೀರಿಯಾಗಳನ್ನು ಪೋಷಕಾಂಶಗಳೊಡನೆ ಬಾವಿಗೆ ಇಳಿಸಿ, ಕೆಲವು ದಿನ ಅಥವಾ ವಾರಗಳ ಕಾಲ ಬಾವಿಯನ್ನು ಮುಚ್ಚಿಡಲಾಗುತ್ತದೆ. ಸಕ್ಕರೆ ಕಾರ್ಖಾನೆಯ ಉಪೋತ್ಪನ್ನವಾದ ಕಾಕಂಬಿಯೂ ಇಂತಹ ಪೋಷಕಾಂಶವಾಗಿ ಬಳಕೆಯಾಗುತ್ತದೆ. ಅವು ಉತ್ಪಾದಿಸುವ ಅನಿಲವು ಒತ್ತಡವನ್ನು ಹೆಚ್ಚಿಸಿ ತೈಲವನ್ನು ತೆಳುವಾಗಿಸುತ್ತದೆ. ಸಾಬೂನಿನಂತಹ ವಸ್ತುಗಳು ತೈಲವನ್ನು ಶಿಲೆಯಿಂದ ಬಿಡಿಸುತ್ತವೆ. ಆಮ್ಲಗಳು ಸುಣ್ಣದ ಶಿಲೆಯ ರಂಧ್ರಗಳನ್ನು ಅಗಲಗೊಳಿಸುತ್ತವೆ.

ನಮ್ಮಲ್ಲಿ ಓ.ಎನ್.ಜಿ.ಸಿ.ಯ ಅಹಮದಾಬಾದ್ ಸಂಶೋಧನಾ ಸಂಸ್ಥೆಯು ಟೆರಿ ಸಂಸ್ಥೆಯೊಡನೆ ಸೇರಿ, 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಕೆಲಸ ಮಾಡಬಲ್ಲ ಬ್ಯಾಕ್ಟೀರಿಯಾಗಳನ್ನು ಅಭಿವೃದ್ಧಿಪಡಿಸಿತು. 2007ರಲ್ಲಿ ಇವೆರಡರ ಜಂಟಿ ಕಂಪನಿಯಾಗಿ ಓ.ಎನ್.ಜಿ.ಸಿ. ಟೆರಿ ಬಯೋಟೆಕ್ ಸ್ಥಾಪನೆಯಾಯಿತು.

ಇನ್ನು ಲೆಕ್ಕದ ವಿಚಾರ. ಬಾವಿ ಕೊರೆಯಲು ಮಾಡಿದ ಖರ್ಚು ಆಗಿಹೋದದ್ದು. ಈಗಿನ ತೀರ್ಮಾನದಲ್ಲಿ ಅದಕ್ಕೆ ಸ್ಥಾನವಿಲ್ಲ. ತೂಗಿ ನೋಡಬೇಕಾದುದು ಹೆಚ್ಚುವರಿ ವೆಚ್ಚ ಮತ್ತು ಹೆಚ್ಚುವರಿ ತೈಲವನ್ನು ಮಾತ್ರ. ಬಾವಿ ಮುಚ್ಚಿದ ದಿನಗಳ ಉತ್ಪಾದನಾ ನಷ್ಟವನ್ನೂ ವೆಚ್ಚಕ್ಕೆ ಸೇರಿಸಬೇಕು. ಉದಾಹರಣೆಗೆ, ದಿನಕ್ಕೆ 10 ಬ್ಯಾರೆಲ್ ಕೊಡುತ್ತಿರುವ ಬಾವಿಯ ಇಳುವರಿ ಆರು ತಿಂಗಳಲ್ಲಿ ತಾನಾಗಿ 8ಕ್ಕೆ ಇಳಿಯುವಂತಿದ್ದು, ಈ ಉಪಚಾರದಿಂದ ಆಗ 12 ಬ್ಯಾರೆಲ್ ಬಂದರೆ, ನಿಜವಾದ ಲಾಭ 2 ಅಲ್ಲ, 4. ಹಾಗೆಯೇ ಇಳುವರಿ 10ರಲ್ಲಿಯೇ ನಿಂತರೂ 2 ಬ್ಯಾರೆಲ್ ಗಳಿಸಿದಂತೆಯೇ ಸರಿ.

ಈ ವಿಧಾನ ಎಲ್ಲ ಬಾವಿಗಳಿಗೂ ಒಗ್ಗದು. ಅತಿ ಶಾಖ ಮತ್ತು ಲವಣಾಂಶದಲ್ಲಿ ಬ್ಯಾಕ್ಟೀರಿಯಾಗಳು ಬದುಕವು. ಸಲ್ಫೇಟನ್ನು ಬಳಸುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಬೆಳೆದರೆ ಹೈಡ್ರೋಜನ್ ಸಲ್ಫೈಡ್ ಉಂಟಾಗಿ ಕೊಳವೆಗಳನ್ನು ತಿನ್ನುತ್ತದೆ. ಇದರಿಂದ ಡೀಸೆಲ್ ಅಗ್ಗವಾದೀತೆಂದು ನಿರೀಕ್ಷಿಸುವುದೂ ಸರಿಯಲ್ಲ.

ಆದರೆ ಇದರ ಹಿಂದಿನ ಲೆಕ್ಕ ನಮ್ಮ ಕಾರ್ಖಾನೆಗಳಿಗೂ ಅನ್ವಯಿಸುತ್ತದೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ, ಅದಕ್ಕೆ ಹಿಂದೆ ತೆತ್ತ ಬೆಲೆಯನ್ನು ಬದಿಗಿರಿಸಿ, ಇನ್ನೆಷ್ಟು ಖರ್ಚಿಗೆ ಇನ್ನೆಷ್ಟು ಉತ್ಪನ್ನ ಬಂದೀತೆಂದು ಬರೆದು ನೋಡುವುದು ಲೇಸು.