ಆಟ ಸರಿ, ಜೂಜು ಯಾವುದು ಅಂತ ಅಮ್ಮನಿಗೆ ಗೊತ್ತಿರಲಿ!

ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಡುವ ಸಂಭ್ರಮ ನಿಮಗೆ. ತಿಪಟೂರು ಕಡೆಯ ಬಿಳಿಗೆರೆಯೋ, ತುರುವೇಕೆರೆಯೋ, ಚಿಕ್ಕನಾಯಕನಹಳ್ಳಿಯೋ... ತೆಂಗಿನ ತೋಟ, ಎಳನೀರು, ಅಜ್ಜಿಯ ಕೈರುಚಿ. ‘ಅಲ್ಲಾದ್ರೂ ಮೊಬೈಲ್ ಮರೆತು ಮಣ್ಣಲ್ಲಿ ಆಡ್ಕೊಂಡಿರಲಿ’ ಅನ್ನೋದು ನಿಮ್ಮಾಸೆ. ಆದರೆ ಈಗ ತೋಟಕ್ಕೂ ಸಿಗ್ನಲ್ ಬರುತ್ತಲ್ಲ! ತೆಂಗಿನ ಮರಕ್ಕೆ ಒರಗಿ ಕೂತು ಮಗರಾಯ ಅದೇ ಗೇಮ್ ಆಡುತ್ತಿರುತ್ತಾನೆ.

ಹಾಗಂತ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಮೊಬೈಲ್ ಕಸಿದುಕೊಳ್ಳುವ ಮೊದಲು ಅವನು ಆಡುತ್ತಿರೋದು ಏನು ಅಂತ ತಿಳಿದುಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಆಟದ ಹುಚ್ಚು ಹೊಸದೇನಲ್ಲ

ಜಗುಲಿ ಮೇಲೆ ಚೌಕಾಬಾರ, ಅಳಗುಳಿಮಣೆ ಹಾಸಿಕೊಂಡು ಊಟ ಮರೆತವರು ಹಿಂದೆಯೂ ಇದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಮೇಲೆ ಎಷ್ಟು ಒಲವಿತ್ತೆಂದರೆ, ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಚೌಕಾಬಾರದಲ್ಲಿ ನಿಮ್ಮ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ ಇದ್ದಾಗ ಯಾರಾದರೂ ಕರೆದರೆ ಎದ್ದು ಹೋಗ್ತಿದ್ದಿರಾ? ನಿಮ್ಮ ಮಗನ ಸ್ಥಿತಿಯೂ ಅದೇ. ಪಬ್‌ಜಿಯನ್ನು 2020ರಲ್ಲಿ ಸರ್ಕಾರ ನಿಷೇಧಿಸಿತು. ಅದರ ಜಾಗಕ್ಕೆ 2021ರಲ್ಲಿ ಬಿಜಿಎಂಐ ಬಂತು. ಇಂಥ ಆಟದಲ್ಲಿ ನೂರು ಜನರವರೆಗೆ ಒಟ್ಟಿಗೆ ಕಣಕ್ಕಿಳಿಯುತ್ತಾರೆ. ಮಧ್ಯೆ ನಿಲ್ಲಿಸಿ ಆಮೇಲೆ ಮುಂದುವರಿಸೋಕೆ ಆಗಲ್ಲ. ನಾಲ್ವರ ತಂಡದಲ್ಲಿ ಒಬ್ಬ ಎದ್ದುಹೋದರೆ ಮಿಕ್ಕ ಮೂವರು ಬೈತಾರೆ. ಊಟಕ್ಕೆ ಕರೆದಾಗ ‘ಐದು ನಿಮಿಷ ಅಮ್ಮಾ’ ಅನ್ನೋದು ಪ್ರತಿಸಲವೂ ಮೊಂಡಾಟವಲ್ಲ.

ಗೇಮ್ ಅಂದರೆ ಬರೀ ಕಾಲಹರಣ ಅಂತಲೂ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ‘ಧ್ರುವ’ ಎಂಬ ಗೇಮ್ ಕಂಪನಿ ಶುರುವಾಗಿತ್ತು. 2019ರಲ್ಲಿ ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಆದರೆ ‘ಓದು ಯಾಕೆ, ಗೇಮ್ ಆಡೇ ಬದುಕ್ತೀನಿ’ ಅನ್ನೋ ಮಗನಿಗೆ ಒಂದು ಮಾತು ತಿಳಿಹೇಳಿ. ಗೇಮ್ ಮಾಡುವವರಿಗೆ ಚಿತ್ರಕಲೆ, ಗಣಿತ, ಕಥೆ ಕಟ್ಟುವ ಜಾಣ್ಮೆ, ಪ್ರೋಗ್ರಾಮಿಂಗ್ ಎಲ್ಲವೂ ಬೇಕು.

ದುಡ್ಡು ಕಟ್ಟಿದರೆ ಅದು ಆಟವಲ್ಲ

ನೀವು ನಿಜವಾಗಿ ಕಣ್ಣಿಡಬೇಕಾದದ್ದು ಇಲ್ಲಿ. ಮಗನ ಮೊಬೈಲಷ್ಟೇ ಅಲ್ಲ, ಯಜಮಾನರ ಮೊಬೈಲ್ ಮೇಲೂ! ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ರಮ್ಮಿಯಂಥವನ್ನು ‘ಇದು ಅದೃಷ್ಟ ಅಲ್ಲ, ಬುದ್ಧಿವಂತಿಕೆ’ ಎಂದರೂ ಕಾಯ್ದೆ ಬಿಡುವುದಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ, ನಿಜ. ಆದರೆ ಕಳೆದುಕೊಂಡ ದುಡ್ಡು ವಾಪಸ್ ಬರಬೇಕಲ್ಲ?

ಇನ್ನೊಂದು ಬಗೆ ಇದೆ, ಅದು ಮೆಲ್ಲಗೆ ಜೇಬಿಗೆ ಕೈಹಾಕುತ್ತೆ. ಆಟ ಉಚಿತ. ಆದರೆ ಆಟದೊಳಗಿನ ಹೊಸ ಬಟ್ಟೆ, ಬಂದೂಕಿನ ಬಣ್ಣ, ‘ಡೈಮಂಡ್’ಗೆಲ್ಲ ಕಾಸು! ಒಳಗೇನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ ಲೂಟ್ ಬಾಕ್ಸ್‌ಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಪರಿಗಣಿಸಿತು.

ಇದಕ್ಕೆ ಬಿಳಿಗೆರೆ ಸೀಮೆಯಲ್ಲೇ ಒಳ್ಳೆ ಪಾಠವಿದೆ. ಮಗನನ್ನು ಅಜ್ಜನ ಜೊತೆ ಅಟ್ಟ ಹತ್ತಿಸಿ. ಅಲ್ಲಿ ಹಾಕಿದ ಕಾಯಿ ಒಳಗೊಳಗೇ ನೀರು ಇಂಗಿ ಉಂಡೆ ಕೊಬ್ಬರಿಯಾಗಲು 8-10 ತಿಂಗಳು ಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ತಿಪಟೂರು ಮಾರುಕಟ್ಟೆಗೆ ಹಾಕಿದರಷ್ಟೇ ಕೈಗೆ ಕಾಸು. ‘ಈ ಡೈಮಂಡ್‌ಗೆ ಎಷ್ಟು ಕೊಬ್ಬರಿ ಮಾರಬೇಕು, ಲೆಕ್ಕ ಹಾಕು’ ಅನ್ನಿ. ಅವನೇ ಹಾಕಿದ ಲೆಕ್ಕ ನಿಮ್ಮ ಬೈಗುಳಕ್ಕಿಂತ ಚೆನ್ನಾಗಿ ನಾಟುತ್ತೆ.

ಚಟ ಅನ್ನೋದು ಯಾವಾಗ?

ರಜೆಯಲ್ಲಿ ಎರಡು ಗಂಟೆ ಹೆಚ್ಚು ಆಡಿದರೆ ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತವೇ ತಪ್ಪುವುದು, ಮಿಕ್ಕೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ತೊಂದರೆಯಾಗುತ್ತಿದ್ದರೂ ಬಿಡಲಾಗದಿರುವುದು. ಇದರಿಂದ ಓದು, ಮನೆಮಂದಿಯ ಒಡನಾಟ ಕೆಡಬೇಕು. ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಿರಬೇಕು. ಅಂಥ ಅನುಮಾನ ಬಂದರೆ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಆರಂಭವಾಯಿತು. ಊರಲ್ಲಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಹೀಗೆ ಮಾಡಿ

* ಆಟದ ನಡುವೆ ಫೋನ್ ಕಿತ್ತುಕೊಳ್ಳಬೇಡಿ. ‘ಇನ್ನೊಂದೇ ಮ್ಯಾಚ್, ಆಮೇಲೆ ಊಟ’ ಅಂತ ಶುರುವಿಗೆ ಮುಂಚೆಯೇ ಮಾತಾಗಲಿ. ಆ ಮಾತಿಗೆ ನೀವೂ ಬದ್ಧರಾಗಿರಿ.

* ಯುಪಿಐ ಪಿನ್ ಮಕ್ಕಳಿಗೆ ತಿಳಿಯದಿರಲಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಪ್ಲೇ ಸ್ಟೋರ್‌ನಲ್ಲಿ ಬದಲಿಸಿ. ಅಜ್ಜನ ಫೋನಿಗೂ ಇದನ್ನೇ ಮಾಡಿ. ಕೊಬ್ಬರಿ ಮಾರಿದ ದುಡ್ಡು ಇರೋದು ಅದೇ ಖಾತೆಯಲ್ಲಿ!

* ಆಟದಲ್ಲಿ ಮಾತಿಗೆ ಸಿಗುವ ಅಪರಿಚಿತರಿಗೆ ಹೆಸರು, ಶಾಲೆ, ಫೋಟೊ ಕೊಡಬಾರದೆಂದು ಮಗನಿಗೂ ಮಗಳಿಗೂ ಹೇಳಿ.

* ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲೇ ಮಲಗಲಿ. ನಿಮ್ಮದೂ!

* ಯಾರಾದರೂ ಮೋಸ ಮಾಡಿ ಹಣ ಲಪಟಾಯಿಸಿದರೆ ತಡ ಮಾಡದೆ 1930ಕ್ಕೆ ದೂರು ಕೊಡಿ. ಹೊಡೆತ, ರಂಪಾಟ ಬೇಡ.

ದಕ್ಷಿಣ ಕೊರಿಯಾದಲ್ಲಿ 16ರೊಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ ಅಂತ 2011ರಲ್ಲಿ ಕಾನೂನೇ ಬಂದಿತ್ತು. ಹತ್ತು ವರ್ಷದ ನಂತರ ಅದನ್ನು ಕೈಬಿಟ್ಟು, ಹೊತ್ತು ಗೊತ್ತು ಮಾಡೋದನ್ನು ಮನೆಯವರಿಗೇ ಒಪ್ಪಿಸಿದರು. ನಮ್ಮಲ್ಲೂ ಕಡೆಗೆ ಆ ಕೆಲಸ ನಮ್ಮದೇ. ದಿನಕ್ಕೆ ಹದಿನೈದು ನಿಮಿಷ ಅವನ ಪಕ್ಕ ಕೂತು ‘ನಂಗೂ ಹೇಳ್ಕೊಡೋ’ ಅನ್ನಿ. ಗೆದ್ದದ್ದನ್ನು ನಿಮ್ಮ ಹತ್ತಿರ ಹೇಳಿಕೊಳ್ಳುವ ಮಗ, ದುಡ್ಡು ಕಳೆದುಕೊಂಡ ದಿನವೂ ಮೊದಲು ನಿಮ್ಮ ಹತ್ತಿರವೇ ಬರುತ್ತಾನೆ.