ಶಸ್ತ್ರಚಿಕಿತ್ಸೆಗೊಂದು ಮೂಳೆಯಿಲ್ಲದ ತೋಳು

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಕೆಲವೇ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಗೆ ಇಳಿಸಿ ನಡೆಸುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯು ರೋಗಿಯ ನೋವನ್ನೂ ಆಸ್ಪತ್ರೆವಾಸವನ್ನೂ ತಗ್ಗಿಸಿದೆಯಾದರೂ ವೈದ್ಯರ ಕೆಲಸವನ್ನು ಕಠಿಣಗೊಳಿಸಿದೆ. ಅದರ ಉಪಕರಣಗಳು ನೆಟ್ಟಗಿನ ಸರಳುಗಳಾಗಿದ್ದು, ಹೊಟ್ಟೆಯ ಗೋಡೆಯಲ್ಲಿ ಕೂರಿಸಿದ ಟ್ರೋಕಾರ್ ಎಂಬ ಕೊಳವೆಯನ್ನೇ ಆಧಾರವಾಗಿಸಿಕೊಂಡು ತಿರುಗುವುದರಿಂದ, ಕೈ ಎಡಕ್ಕೆ ಸರಿದರೆ ತುದಿ ಬಲಕ್ಕೆ ಸರಿಯುತ್ತದೆ. ಅಡ್ಡಬಂದ ಅಂಗವನ್ನು ಬಳಸಿಕೊಂಡು ಹೋಗಲು ಆ ಸರಳಿಗೆ ಸಾಧ್ಯವಿಲ್ಲ. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ ರೋಬಾಟ್ ಉಪಕರಣದ ತುದಿಗೆ ಮಣಿಕಟ್ಟಿನಂಥ ಚಲನೆಯನ್ನು ಒದಗಿಸಿತಾದರೂ ಅದರ ದಂಡ ಗಟ್ಟಿಯಾಗಿಯೇ ಉಳಿಯಿತು.

ಲಂಡನ್ನಿನ ಕಿಂಗ್ಸ್ ಕಾಲೇಜು, ಇಟಲಿಯ ಪೀಸಾದಲ್ಲಿರುವ ಸಾಂತಾನ್ನಾ ವಿದ್ಯಾಸಂಸ್ಥೆ ಮೊದಲಾದವು ಯುರೋಪಿಯನ್ ಕಮಿಷನ್ನಿನ ನೆರವಿನಿಂದ 2012ರಲ್ಲಿ ಆರಂಭಿಸಿದ ‘ಸ್ಟಿಫ್-ಫ್ಲಾಪ್’ ಯೋಜನೆಯು ಈ ತೊಡಕಿಗೆ ಪರಿಹಾರವನ್ನು ಆಕ್ಟೋಪಸ್ಸಿನ ತೋಳಿನಲ್ಲಿ ಅರಸಿತು. ಆ ತೋಳಿನಲ್ಲಿ ಮೂಳೆಯೂ ಇಲ್ಲ, ಕೀಲೂ ಇಲ್ಲ. ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಹೆಣೆದುಕೊಂಡ ಸ್ನಾಯುಗಳೇ ಅಲ್ಲಿ ಆಸರೆಯೂ ಹೌದು, ಚಾಲಕಶಕ್ತಿಯೂ ಹೌದು. ಸ್ನಾಯುವಿನ ಬಹುಪಾಲು ನೀರೇ ಆಗಿದ್ದು, ಹಿಂಡಿದರೂ ಅದರ ಒಟ್ಟು ಗಾತ್ರ ಕುಗ್ಗದಿರುವುದರಿಂದ, ಅಡ್ಡ ಸ್ನಾಯುಗಳು ಬಿಗಿದಾಗ ತೋಳು ತೆಳ್ಳಗಾಗಿ ಚಾಚಿಕೊಳ್ಳುತ್ತದೆ, ಒಂದು ಮಗ್ಗುಲಿನ ಉದ್ದ ಸ್ನಾಯುಗಳು ಬಿಗಿದಾಗ ಆ ಕಡೆಗೆ ಬಾಗುತ್ತದೆ, ಎರಡೂ ಒಟ್ಟಿಗೆ ಬಿಗಿದಾಗ ಸೆಟೆದು ನಿಲ್ಲುತ್ತದೆ. ಜೀವವಿಜ್ಞಾನಿಗಳು ‘ಮಸ್ಕ್ಯುಲರ್ ಹೈಡ್ರೋಸ್ಟ್ಯಾಟ್’ ಎಂದು ಕರೆಯುವ ಈ ರಚನೆ ಆನೆಯ ಸೊಂಡಿಲಿನಲ್ಲಿಯೂ ಮನುಷ್ಯನ ನಾಲಿಗೆಯಲ್ಲಿಯೂ ಇದೆ.

ಸಂಶೋಧಕರು ಸ್ನಾಯುಗಳ ಬದಲಿಗೆ ಸಿಲಿಕೋನ್ ರಬ್ಬರಿನ ಉರುಳೆಯೊಂದರಲ್ಲಿ ಗಾಳಿ ತುಂಬುವ ಕೋಣೆಗಳನ್ನು ರೂಪಿಸಿದರು. ಒಂದು ಪಕ್ಕದ ಕೋಣೆ ಉಬ್ಬಿದರೆ ತೋಳು ಎದುರು ದಿಕ್ಕಿಗೆ ಬಾಗುತ್ತದೆ, ಎಲ್ಲವೂ ಉಬ್ಬಿದರೆ ನೀಳವಾಗುತ್ತದೆ. ಬಾಗುವ ಯಂತ್ರವನ್ನು ಮಾಡುವುದಕ್ಕಿಂತ, ಬೇಕೆಂದಾಗ ಗಟ್ಟಿಯಾಗುವ ಮೆದು ಯಂತ್ರವನ್ನು ಮಾಡುವುದು ಬಹಳ ಕಷ್ಟ, ಮತ್ತು ಈ ಯೋಜನೆಯ ಹಿರಿಮೆಯಿರುವುದು ಆ ಪ್ರಯತ್ನದಲ್ಲೇ. ಮೊದಲ ಮಾದರಿಗಳ ನಡುಭಾಗದಲ್ಲಿ ಅವರು ಕಾಫಿಪುಡಿ ತುಂಬಿದ ತೆಳು ಪೊರೆಯ ಚೀಲವನ್ನಿಟ್ಟರು: ಸಡಿಲವಾಗಿದ್ದಾಗ ಪುಡಿ ಹರಿದಾಡುತ್ತದೆ, ಗಾಳಿಯನ್ನು ಹೊರಗೆಳೆದೊಡನೆ ಕಣಗಳು ಒಂದಕ್ಕೊಂದು ಕಚ್ಚಿಕೊಂಡು, ಅಂಗಡಿಯಲ್ಲಿ ಸಿಗುವ ನಿರ್ವಾತ ಪೊಟ್ಟಣದ ಹಾಗೆ ಗಡುಸಾಗುತ್ತವೆ.

ಈ ತೋಳನ್ನು ಕ್ಯಾಮೆರಾ ಹಿಡಿಯಲು ಬಳಸಿ ನಡೆಸಿದ ಪ್ರಯೋಗದ ವರದಿಯನ್ನು ಇಟಲಿಯ ಶಸ್ತ್ರವೈದ್ಯ ಅಲ್ಬೆರ್ತೊ ಆರೆಜ್ಜೊ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಅಂಗಾಂಶ ಮೆದುವಾಗಿಯೇ ಉಳಿಯುವಂತೆ ಥೀಲ್ ವಿಧಾನದಲ್ಲಿ ಸಂರಕ್ಷಿಸಿದ ಎರಡು ಶವಗಳಲ್ಲಿ, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆ ಹರಿಯದಂತೆ ಬಿಡಿಸುವ ಶಸ್ತ್ರಕ್ರಿಯೆ 165 ಮತ್ತು 145 ನಿಮಿಷಗಳಲ್ಲಿ ಮುಗಿಯಿತು. ಹೊದಿಕೆ ಎರಡರಲ್ಲೂ ಅಖಂಡವಾಗಿ ಉಳಿಯಿತು. ಸೊಂಟದ ಎಲುಬುಗಳ ನಡುವಿನ ಇಕ್ಕಟ್ಟಿನಲ್ಲಿ ಬಾಗುವ ತೋಳು ಉತ್ತಮ ನೋಟವನ್ನು ಒದಗಿಸಿದಂತೆ ಕಂಡಿತೆಂದು ವೈದ್ಯರು ದಾಖಲಿಸಿದರು. ಆದರೆ ಕತ್ತರಿಸುವ, ಎಳೆದು ಹಿಡಿಯುವ ಕೆಲಸವನ್ನೆಲ್ಲ ಮಾಡಿದ್ದು ರೂಢಿಯ ಗಟ್ಟಿ ಉಪಕರಣಗಳೇ. 14.3 ಮಿಲಿಮೀಟರ್ ದಪ್ಪದ ಆ ತೋಳನ್ನು ಇನ್ನೂ ಸಣ್ಣದಾಗಿಸುವುದು ಸುಲಭವಲ್ಲ. ಒಂದೇ ವಸ್ತುವಿನ ದಂಡದ ದಪ್ಪವನ್ನು ಅರ್ಧಕ್ಕಿಳಿಸಿದರೆ ಬಾಗುವಿಕೆಯನ್ನು ತಡೆಯುವ ಅದರ ಬಿಗುವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ.