ಬಿಟ್ಟವರು ಬಿಡಿಸಬಲ್ಲರೇ?

ಪ್ರಶ್ನೆ: ಕುಡಿತ ಬಿಟ್ಟವರೇ ಬೇರೆಯವರನ್ನೂ ಬಿಡಿಸುತ್ತಾರಂತೆ. ಡಾಕ್ಟರಿಂದ ಆಗದ್ದು ಇವರಿಂದ ಆದೀತೇ?
(ಓದುಗರು, ಗಬ್ಬೂರ, ಹುಬ್ಬಳ್ಳಿ)

ಉತ್ತರ: ಇಬ್ಬರ ಕೆಲಸವೂ ಬೇರೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಕೈನಡುಕ ಹೆಚ್ಚಿ, ಫಿಟ್ಸ್, ಸನ್ನಿ ಬಂದು ಜೀವಕ್ಕೇ ಕುತ್ತಾಗಬಹುದು. ಆಗ ಬೇಕಾದದ್ದು ಉಪದೇಶವಲ್ಲ, ಔಷಧ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ನಿಜವಾದ ಕಷ್ಟ ಶುರುವಾಗುವುದು ಮನೆಗೆ ಮರಳಿದ ಮೇಲೆ: ಅದೇ ಗೆಳೆಯರು, ಅದೇ ಸಂಜೆ. ಬಿಟ್ಟವರ ಒಡನಾಟ ನೆರವಾಗುವುದು ಇಲ್ಲಿ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಚಟಕ್ಕೆ ಸಿಕ್ಕು ನರಳಿದ್ದ ಇಬ್ಬರು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ನಿಂತಿರುವುದೇ ಇದರ ಮೇಲೆ (ಅವರಲ್ಲೊಬ್ಬರು ಸ್ವತಃ ಡಾಕ್ಟರು!). ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿ ಕಟ್ಟುವುದೂ ಇದಕ್ಕೇ.

ಇದೆಲ್ಲ ಬರೀ ನಂಬಿಕೆ ಎನ್ನುವವರಿದ್ದಾರೆ. ಆದರೆ 27 ಅಧ್ಯಯನಗಳನ್ನು ತೂಗಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ, ಇಂಥ ಗುಂಪಿಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆ ಪೂರ್ತಿ ಬಿಡಿಸುವುದರಲ್ಲಿ ಇತರ ಮನಶ್ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು. ಎಲ್ಲರಿಗೂ ಒಗ್ಗುತ್ತದೆಂದಲ್ಲ. ಡಾಕ್ಟರ ಮಾತ್ರೆ ಬಿಡಿ ಎನ್ನುವ ಗುಂಪಿನ ಹತ್ತಿರವೂ ಸುಳಿಯಬೇಡಿ. ಮೊದಲ ಮಾತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ.